ಪಗಾರ ಕೇಳುವ ಮೊದಲು ಗಂಟೆ ಕೇಳಿ

ಪಿಯುಸಿ ಸೈನ್ಸ್ ಮುಗಿಸಿ, ನೀಟ್‌ನಲ್ಲಿ ಬೇಕಾದಷ್ಟು ಅಂಕ ಬರದೆ, ಇನ್ನೊಂದು ವರ್ಷ ಓದೋಣ ಎಂದು ತೀರ್ಮಾನಿಸುವವರು ಪ್ರತಿ ವರ್ಷ ನಮ್ಮ ಕಾಲೇಜಿನಲ್ಲಿ ಇರುತ್ತಾರೆ. ಆದರೆ ಒಂದು ವರ್ಷ ಮನೆಯಲ್ಲಿ ಕೂರಿಸಿ ಓದಿಸುವ ಅನುಕೂಲ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಆಗ ಬರುವ ಯೋಚನೆ ಒಂದೇ: "ಹೇಗೂ ಡಾಕ್ಟರೋ ನರ್ಸೋ ಆಗಬೇಕು, ಅಲ್ಲಿಯವರೆಗೆ ಆಸ್ಪತ್ರೆಯಲ್ಲೇ ಒಂದು ಸಣ್ಣ ಕೆಲಸಕ್ಕೆ ಸೇರಿದರೆ ಹೇಗೆ?"

ನಾನು ಕಾಮರ್ಸ್ ವಿದ್ಯಾರ್ಥಿ. ಈ ವಿಷಯ ನನಗೇಕೆ ಎಂದು ಸೈನ್ಸ್ ವಿಭಾಗದವರು ಕೇಳಬಹುದು. ನಮ್ಮ ಆಪಾ ಕಳೆದ ವರ್ಷ ಪಿಯುಸಿ ಮುಗಿಸಿದಳು. ಅವಳ ಮುಂದೆ ಈ ಪ್ರಶ್ನೆ ಬಂದಾಗ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಅಬ್ಬಾ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಇನ್ನೊಂದು ವರ್ಷದ ಕೋಚಿಂಗ್ ಫೀಸು ಅವರಿಂದ ಆಗುವ ಮಾತಲ್ಲ. ಕೊನೆಗೆ ಆಪಾ ನನಗೆ ನೋಟ್‌ಬುಕ್ ಕೊಟ್ಟು, "ನೀನು ಅಕೌಂಟೆನ್ಸಿ ಓದ್ತೀಯಲ್ಲ, ಲೆಕ್ಕ ಹಾಕು" ಎಂದಳು. ಎರಡು ವಾರ ನಾವಿಬ್ಬರೂ ವಿಚಾರಿಸಿ ತಿಳಿದುಕೊಂಡದ್ದು ಮುಂದಿನ ಬ್ಯಾಚಿನವರಿಗೂ ಉಪಯೋಗವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು ಕಲ್ಪನೆ

"ಆಸ್ಪತ್ರೆಯಲ್ಲಿ ಕೆಲಸ ಮಾಡಿದರೆ ಮುಂದೆ ಮೆಡಿಕಲ್ ಸೀಟಿಗೆ ಸಹಾಯ ಆಗುತ್ತದೆ" ಎಂದು ಬಹಳ ಜನ ನಂಬಿದ್ದಾರೆ. ಯೂಟ್ಯೂಬ್‌ನಲ್ಲಿ ಬರುವ ಅಮೆರಿಕದ ವಿಡಿಯೋಗಳು ಇದಕ್ಕೆ ಒಂದು ಕಾರಣ. ಅಲ್ಲಿನ ಮೆಡಿಕಲ್ ಕಾಲೇಜುಗಳು ಅರ್ಜಿದಾರರ ಆಸ್ಪತ್ರೆ ಅನುಭವವನ್ನೂ ನೋಡುತ್ತವೆ. ಹಾಗಾಗಿ ಅಲ್ಲಿಯ ವಿದ್ಯಾರ್ಥಿಗಳು ಆಂಬುಲೆನ್ಸ್‌ನಲ್ಲಿ, ವಾರ್ಡ್‌ನಲ್ಲಿ, ಡಾಕ್ಟರ ಪಕ್ಕ ಕುಳಿತು ಟಿಪ್ಪಣಿ ಬರೆಯುವ ಕೆಲಸದಲ್ಲಿ ಸೇರುತ್ತಾರೆ.

ನಮ್ಮಲ್ಲಿ ಹಾಗಿಲ್ಲ. ಎಂಬಿಬಿಎಸ್ ಸೀಟು ನೀಟ್ ರ್‍ಯಾಂಕ್ ಮೇಲೆ ನಿಂತಿದೆ. 180 ಪ್ರಶ್ನೆ, 720 ಅಂಕ: ಫಿಸಿಕ್ಸ್ 45, ಕೆಮಿಸ್ಟ್ರಿ 45, ಬಯಾಲಜಿ 90. ಸರಿ ಉತ್ತರಕ್ಕೆ 4 ಅಂಕ, ತಪ್ಪು ಉತ್ತರಕ್ಕೆ 1 ಅಂಕ ಕಡಿತ. ಎರಡು ವರ್ಷ ವಾರ್ಡ್‌ನಲ್ಲಿ ದುಡಿದ ಸರ್ಟಿಫಿಕೇಟ್ ತೋರಿಸಿದರೂ 720ಕ್ಕೆ ಒಂದು ಅಂಕ ಸೇರುವುದಿಲ್ಲ. ಸರ್ಕಾರಿ ವ್ಯವಸ್ಥೆಯಲ್ಲಿ ಬಿ.ಎಸ್ಸಿ ನರ್ಸಿಂಗ್ ಸೀಟು ಸಿಗುವುದು ಕೆಇಎ ನಡೆಸುವ ಸಿಇಟಿ ಮೂಲಕ. ಅಲ್ಲಿಯೂ ಅನುಭವಕ್ಕೆ ಅಂಕವಿಲ್ಲ.

ಹಾಗಾದರೆ ಕೆಲಸದಿಂದ ಸಿಗುವುದು ಮೂರು. ಒಂದು, ಹಣ. ಎರಡು, "ರಕ್ತ, ವಾಂತಿ, ಅಳು, ಸಾವು ಇವುಗಳ ನಡುವೆ ನಾನು ಇರಬಲ್ಲೆನೇ?" ಎಂಬ ಪ್ರಶ್ನೆಗೆ ಉತ್ತರ. ಮೂರು, ಡಾಕ್ಟರ ಕೆಲಸದ ಹೊರತಾಗಿಯೂ ಆಸ್ಪತ್ರೆಯಲ್ಲಿ ಎಷ್ಟು ಬಗೆಯ ಕೆಲಸಗಳಿವೆ ಎಂಬ ತಿಳಿವಳಿಕೆ. ಇವು ಸಣ್ಣ ಲಾಭಗಳೇನಲ್ಲ. ಆದರೆ ಈ ಮೂರಕ್ಕಾಗಿ ನಾವು ಕೊಡುವ ಬೆಲೆ ಓದುವ ಗಂಟೆಗಳು. ಅರ್ಥಶಾಸ್ತ್ರ ಪುಸ್ತಕದಲ್ಲಿ ಇದನ್ನೇ ಅವಕಾಶ ವೆಚ್ಚ ಎನ್ನುತ್ತೇವೆ. ಒಂದನ್ನು ಆರಿಸಿಕೊಂಡಾಗ ಬಿಟ್ಟುಕೊಟ್ಟದ್ದು ಏನೋ ಅದೇ ಅದರ ನಿಜವಾದ ಬೆಲೆ.

ಯಾವ ಯಾವ ಕೆಲಸಗಳಿವೆ?

ಪಿಯುಸಿ ಮುಗಿಸಿದ, ಬೇರೆ ತರಬೇತಿ ಇಲ್ಲದ ಹುಡುಗ ಹುಡುಗಿಯರಿಗೆ ದಾವಣಗೆರೆಯಂಥ ಊರಿನಲ್ಲಿ ಸಿಗುವ ಕೆಲಸಗಳು ಹೆಚ್ಚುಕಡಿಮೆ ಇವು.

ನೋಂದಣಿ ಮತ್ತು ಬಿಲ್ಲಿಂಗ್ ಕೌಂಟರ್: ಹೊಸ ರೋಗಿಯ ಹೆಸರು ಬರೆದುಕೊಳ್ಳುವುದು, ಚೀಟಿ ಕೊಡುವುದು, ಬಿಲ್ ಮಾಡುವುದು, ವಿಮೆಯ ಕಾಗದ ನೋಡುವುದು. ಕಂಪ್ಯೂಟರ್ ಗೊತ್ತಿರಬೇಕು. ಉರ್ದು ಮನೆಮಾತಿನವರಿಗೆ ಇಲ್ಲಿ ಒಂದು ಅನುಕೂಲ ಇದೆ. ವಯಸ್ಸಾದ ಅಜ್ಜಿ "ಚಕ್ಕರ್ ಆರಾ, ಬೇಟಾ" ಎಂದರೆ ನಮಗೆ ಅರ್ಥವಾಗುತ್ತದೆ. ಅದನ್ನು ಕನ್ನಡದಲ್ಲಿ ಸಿಸ್ಟರ್‌ಗೆ "ತಲೆ ಸುತ್ತುತ್ತಂತೆ" ಎಂದು ಹೇಳಲೂ ಬರುತ್ತದೆ. ಎರಡು ಭಾಷೆ ಬರುವವರನ್ನು ಕೌಂಟರ್‌ನಲ್ಲಿ ಕೂರಿಸಲು ಆಸ್ಪತ್ರೆಯವರು ಇಷ್ಟಪಡುತ್ತಾರೆ. ಕಾಮರ್ಸ್‌ನವರೂ ಈ ಕೆಲಸ ಮಾಡಬಹುದು.

ವಾರ್ಡ್ ಸಹಾಯಕರು: ರೋಗಿಯನ್ನು ಮಗ್ಗುಲು ಬದಲಿಸುವುದು, ಸ್ನಾನ ಮಾಡಿಸುವುದು, ಬೆಡ್‌ಪ್ಯಾನ್ ಕೊಡುವುದು, ವೀಲ್‌ಚೇರ್ ತಳ್ಳುವುದು, ಹಾಸಿಗೆ ಬದಲಿಸುವುದು. ಇದಕ್ಕೆ ಜನರಲ್ ಡ್ಯೂಟಿ ಅಸಿಸ್ಟೆಂಟ್ ಎಂಬ ಕೌಶಲ ತರಬೇತಿಯೂ ಇದೆ. ರೋಗಿಯ ಅತ್ಯಂತ ಹತ್ತಿರ ಇರುವ ಕೆಲಸ ಇದೇ. ನರ್ಸಿಂಗ್ ತನಗೆ ಒಗ್ಗುತ್ತದೆಯೇ ಎಂದು ತಿಳಿಯಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಮೈ ದಣಿಯುವುದೂ ಇದರಲ್ಲೇ ಹೆಚ್ಚು.

ಲ್ಯಾಬ್‌ನ ಕಲೆಕ್ಷನ್ ಸೆಂಟರ್: ಹೆಸರು ಬರೆಯುವುದು, ಟ್ಯೂಬ್‌ಗೆ ಸ್ಟಿಕ್ಕರ್ ಅಂಟಿಸುವುದು, ರಿಪೋರ್ಟ್ ಕೊಡುವುದು. ತರಬೇತಿ ಪಡೆಯದೆ ರಕ್ತ ತೆಗೆಯಬಾರದು. ಆದರೆ ಬಯಾಲಜಿ ಓದಿದವರಿಗೆ ಇಲ್ಲಿ ಪಾಠ ಕಣ್ಣೆದುರು ಬರುತ್ತದೆ. ನೇರಳೆ ಮುಚ್ಚಳದ ಟ್ಯೂಬ್‌ನಲ್ಲಿ ಇಡಿಟಿಎ ಇರುತ್ತದೆ; ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ರಕ್ತ ಹೆಪ್ಪುಗಟ್ಟುವುದಿಲ್ಲ. ಬೂದು ಮುಚ್ಚಳದ್ದರಲ್ಲಿ ಫ್ಲೋರೈಡ್ ಇರುತ್ತದೆ. ಅದು ಗ್ಲೈಕಾಲಿಸಿಸ್ ತಡೆಯುವುದರಿಂದ ಲ್ಯಾಬ್ ಮುಟ್ಟುವಷ್ಟರಲ್ಲಿ ಸಕ್ಕರೆ ಪ್ರಮಾಣ ಇಳಿಯುವುದಿಲ್ಲ. ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದು ಹೀಗೆ ನೋಡಿದಾಗ ಮರೆಯುವುದಿಲ್ಲ ಎಂದು ಆಪಾ ಹೇಳುತ್ತಾಳೆ.

ಮೆಡಿಕಲ್ ಶಾಪ್: ಸ್ಟಾಕ್ ಜೋಡಿಸುವುದು, ಎಕ್ಸ್‌ಪೈರಿ ದಿನಾಂಕ ನೋಡುವುದು, ಬಿಲ್ ಹಾಕುವುದು. ನೆನಪಿಡಬೇಕಾದದ್ದು ಒಂದಿದೆ. 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ಡಾಕ್ಟರ ಚೀಟಿಗೆ ಔಷಧ ಕೊಡುವುದು ನೋಂದಾಯಿತ ಫಾರ್ಮಸಿಸ್ಟ್‌ನ ಕೆಲಸ, ಅಥವಾ ಅವರ ಕಣ್ಣೆದುರಿನಲ್ಲೇ ಆಗಬೇಕಾದ ಕೆಲಸ. ಅಂಗಡಿಯಲ್ಲಿ ಫಾರ್ಮಸಿಸ್ಟ್ ಹೆಸರು ಗೋಡೆಯ ಮೇಲೆ ಮಾತ್ರ ಇದ್ದು, ಕೊಡುವವರೆಲ್ಲ ನಮ್ಮಂಥ ಹುಡುಗರೇ ಆಗಿದ್ದರೆ ಅಲ್ಲಿ ಸೇರಬೇಡಿ.

ಮನೆ ಆರೈಕೆ: ಏಜೆನ್ಸಿಗಳ ಮೂಲಕ ವೃದ್ಧರನ್ನು ಅವರ ಮನೆಯಲ್ಲೇ ನೋಡಿಕೊಳ್ಳುವ ಕೆಲಸ. ಹಣ ಸ್ವಲ್ಪ ಹೆಚ್ಚು ಎನ್ನುತ್ತಾರೆ. ಆದರೆ ಪರಿಚಯವಿಲ್ಲದ ಮನೆಯಲ್ಲಿ ಒಬ್ಬರೇ ಹನ್ನೆರಡು ಗಂಟೆ, ಕೆಲವೊಮ್ಮೆ ಹಗಲು ರಾತ್ರಿ ಇರಬೇಕು. ಏನಾದರೂ ತೊಂದರೆಯಾದರೆ ಕರೆಯಲು ಪಕ್ಕದಲ್ಲಿ ಸಿಸ್ಟರ್ ಇರುವುದಿಲ್ಲ. ಹದಿನೆಂಟು ಹತ್ತೊಂಬತ್ತು ವಯಸ್ಸಿನವರಿಗೆ, ಅದರಲ್ಲೂ ಹುಡುಗಿಯರಿಗೆ, ಇದು ಮೊದಲ ಕೆಲಸ ಆಗಬಾರದು ಎಂಬುದು ನಮ್ಮ ಅಭಿಪ್ರಾಯ.

ಸಣ್ಣ ಕ್ಲಿನಿಕ್: ಒಬ್ಬ ಡಾಕ್ಟರು, ಒಬ್ಬ ಸಹಾಯಕಿ. ಟೋಕನ್ ಕೊಡುವುದು, ತೂಕ ನೋಡುವುದು, ಫೋನ್ ತೆಗೆಯುವುದು, ಹಳೆಯ ಕಾರ್ಡ್ ಹುಡುಕಿಕೊಡುವುದು. ಪಗಾರ ಕಡಿಮೆ, ಗಂಟೆಯೂ ಕಡಿಮೆ.

ಎರಡು ಕೆಲಸಗಳು ಈ ವಯಸ್ಸಿನಲ್ಲಿ ಸಿಗುವುದೇ ಇಲ್ಲ ಎಂಬುದನ್ನೂ ಹೇಳಬೇಕು. ಆಶಾ ಕಾರ್ಯಕರ್ತೆಯಾಗಲು ಅದೇ ಊರಿನ 25ರಿಂದ 45 ವರ್ಷದೊಳಗಿನ ಮಹಿಳೆಯಾಗಿರಬೇಕು. ಎಕ್ಸ್‌ರೇ ಕೋಣೆಯಲ್ಲಿ ವಿಕಿರಣದ ಕೆಲಸಕ್ಕೆ 18 ತುಂಬದವರನ್ನು ನೇಮಿಸುವಂತಿಲ್ಲ. 18 ತುಂಬಿದರೂ ತರಬೇತಿ ಇಲ್ಲದೆ ಯಂತ್ರ ಮುಟ್ಟುವಂತಿಲ್ಲ.

ಈಗ ಲೆಕ್ಕ

ಆಪಾ ಮುಂದೆ ಮೂರು ಕೆಲಸ ಇದ್ದವು. ಸಂಖ್ಯೆಗಳನ್ನು ಸ್ವಲ್ಪ ದುಂಡಾಗಿಸಿ ಬರೆಯುತ್ತಿದ್ದೇನೆ. ನಿಮ್ಮ ಊರಿನ ಪಗಾರ ಬೇರೆ ಇರಬಹುದು, ಲೆಕ್ಕ ಹಾಕುವ ರೀತಿ ಇದೇ.

ಮೊದಲನೆಯದು, ಪಿ.ಬಿ. ರಸ್ತೆ ಕಡೆಯ ಒಂದು ಆಸ್ಪತ್ರೆಯ ನೋಂದಣಿ ಕೌಂಟರ್. ಹಗಲು 8 ಗಂಟೆ, ತಿಂಗಳಿಗೆ 14,000 ರೂಪಾಯಿ. ಇದರಲ್ಲಿ ಇಎಸ್‌ಐಗೆ ಶೇ. 0.75 ಎಂದರೆ 105, ಪಿಎಫ್‌ಗೆ ಶೇ. 12 ಎಂದರೆ 1,680 ಹೋಗುತ್ತದೆ. ಕೈಗೆ ಬರುವುದು 12,215. ಆಟೋ, ಬಸ್ಸು, ಚಹಾ, ತಿಂಡಿಗೆ ದಿನಕ್ಕೆ 100ರಂತೆ 26 ದಿನಕ್ಕೆ 2,600 ಕಳೆದರೆ ಉಳಿಯುವುದು 9,615. ಮನೆ ಬಿಟ್ಟಾಗಿನಿಂದ ಮನೆ ಮುಟ್ಟುವವರೆಗೆ, ಡ್ಯೂಟಿ ಒಪ್ಪಿಸುವ ಹೊತ್ತೂ ಸೇರಿ, ದಿನಕ್ಕೆ 10 ಗಂಟೆ. ತಿಂಗಳಿಗೆ 260 ಗಂಟೆ. ಗಂಟೆಗೆ ಬಿದ್ದದ್ದು ಸುಮಾರು 37 ರೂಪಾಯಿ.

ಎರಡನೆಯದು, ಅದೇ ಆಸ್ಪತ್ರೆಯ ವಾರ್ಡ್ ಸಹಾಯಕಿ. ರಾತ್ರಿ 12 ಗಂಟೆ, 16,000 ರೂಪಾಯಿ. ಇಎಸ್‌ಐ 120, ಪಿಎಫ್ 15,000ದ ಮಿತಿಯ ಮೇಲೆ 1,800. ದಾರಿ ಖರ್ಚು ಕಳೆದು ಉಳಿಯುವುದು 11,480. ದಿನಕ್ಕೆ 14 ಗಂಟೆಯಂತೆ ತಿಂಗಳಿಗೆ 364 ಗಂಟೆ. ಗಂಟೆಗೆ ಸುಮಾರು 31 ರೂಪಾಯಿ 50 ಪೈಸೆ.

ಮೂರನೆಯದು, ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಕ್ಲಿನಿಕ್. ಸಂಜೆ ನಾಲ್ಕೂವರೆಯಿಂದ ಒಂಬತ್ತೂವರೆ, 7,000 ರೂಪಾಯಿ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ದಾರಿ ಖರ್ಚೂ ಇಲ್ಲ. ದಿನಕ್ಕೆ ಐದೂವರೆ ಗಂಟೆಯಂತೆ 143 ಗಂಟೆ. ಗಂಟೆಗೆ ಸುಮಾರು 49 ರೂಪಾಯಿ.

16,000 ದೊಡ್ಡದು, 7,000 ಚಿಕ್ಕದು ಎಂದು ಮನೆಯವರೆಲ್ಲ ನೋಡುತ್ತಿದ್ದರು. ಗಂಟೆಯ ಲೆಕ್ಕದಲ್ಲಿ ಸಾಲು ತಿರುಗಿ ನಿಂತಿತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಅರ್ಥಶಾಸ್ತ್ರದಲ್ಲಿ 'ಸೀಮಾಂತ' ಎಂಬ ಪದ ಬರುತ್ತದಲ್ಲ, ಅದು ಉಪಯೋಗಕ್ಕೆ ಬರುವುದು ಇಲ್ಲೇ. ಕ್ಲಿನಿಕ್ ಬಿಟ್ಟು ಕೌಂಟರ್ ಕೆಲಸಕ್ಕೆ ಹೋದರೆ ತಿಂಗಳಿಗೆ 2,615 ರೂಪಾಯಿ ಹೆಚ್ಚು ಸಿಗುತ್ತದೆ. ಅದಕ್ಕಾಗಿ 117 ಗಂಟೆ ಹೆಚ್ಚು ಕೊಡಬೇಕು. ಅಂದರೆ ಆ ಹೆಚ್ಚಿನ ಒಂದೊಂದು ಗಂಟೆಯೂ ಸುಮಾರು 22 ರೂಪಾಯಿಗೆ ಮಾರಾಟ. ಕೌಂಟರ್ ಬಿಟ್ಟು ರಾತ್ರಿ ವಾರ್ಡ್‌ಗೆ ಹೋದರೆ 1,865 ರೂಪಾಯಿಗೆ 104 ಗಂಟೆ. ಗಂಟೆಗೆ 18 ರೂಪಾಯಿಯೂ ಬೀಳುವುದಿಲ್ಲ. ಆಗ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಫಿಸಿಕ್ಸ್ ಓದುವ ಒಂದು ಗಂಟೆಯನ್ನು 22 ರೂಪಾಯಿಗೆ ಕೊಡಲು ನಾನು ತಯಾರಿದ್ದೇನೆಯೇ?

ಆರು ತಿಂಗಳಿಗೆ ನೋಡಿದರೆ ಕೌಂಟರ್ ಕೆಲಸ 1,560 ಗಂಟೆ ತೆಗೆದುಕೊಳ್ಳುತ್ತದೆ, ಕ್ಲಿನಿಕ್ 858 ಗಂಟೆ. ವ್ಯತ್ಯಾಸ 702 ಗಂಟೆ. ದಿನಕ್ಕೆ ಹೆಚ್ಚುಕಡಿಮೆ ನಾಲ್ಕು ಗಂಟೆಯ ಓದು.

ಕೆಲವು ಮನೆಗಳಲ್ಲಿ ಆ 2,615 ರೂಪಾಯಿಯೇ ಬಾಡಿಗೆಯ ಬಾಕಿ ತುಂಬುತ್ತದೆ. ಅಂಥವರು ಕೌಂಟರ್ ಕೆಲಸ ಆರಿಸಿಕೊಂಡರೆ ಅದೂ ಸರಿಯಾದ ತೀರ್ಮಾನವೇ. ಬೆಲೆ ಎಷ್ಟು ಎಂದು ಗೊತ್ತಿದ್ದು ಕೊಡಬೇಕು, ಅಷ್ಟೇ.

ಪಿಎಫ್, ಇಎಸ್‌ಐ ನಷ್ಟವೇ?

ಪಿಎಫ್ ನಮ್ಮದೇ ಉಳಿತಾಯ. ಮಾಲೀಕರೂ ತಮ್ಮ ಪಾಲು ಹಾಕುತ್ತಾರೆ. ಆದರೆ ಈ ತಿಂಗಳ ಪರೀಕ್ಷಾ ಫೀಸಿಗೆ ಅದು ಬರುವುದಿಲ್ಲ. ಹಾಗಾಗಿ ಕೈಗೆ ಬರುವ ಲೆಕ್ಕದಿಂದ ಅದನ್ನು ಕಳೆದಿದ್ದೇನೆ. ಕೆಲಸಕ್ಕೆ ಸೇರಿದಾಗ ಕೊಡುವ ಯುಎಎನ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮುಂದೆ ಎಲ್ಲಿ ಸೇರಿದರೂ ಅದೇ ಸಂಖ್ಯೆ ನಡೆಯುತ್ತದೆ.

ಇಎಸ್‌ಐ ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇರುವವರಿಗೆ ಸಿಗುವ ಸೌಲಭ್ಯ. ನೌಕರರಿಂದ ಶೇ. 0.75, ಮಾಲೀಕರಿಂದ ಶೇ. 3.25. ಇದಕ್ಕೆ ಬದಲಾಗಿ ಚಿಕಿತ್ಸೆ ಸಿಗುತ್ತದೆ. ನಮ್ಮ ಮನೆಯಲ್ಲಿ ಬಹಳ ಚರ್ಚೆ ಆದದ್ದು ಇದರ ಬಗ್ಗೆಯೇ. ಅಮ್ಮಿಗೆ ಸಕ್ಕರೆ ಕಾಯಿಲೆ ಇದೆ. ಆಪಾ ಹೆಸರಿನಲ್ಲಿ ಇಎಸ್‌ಐ ಆದರೆ ಅಮ್ಮಿಯ ಮಾತ್ರೆ ಖರ್ಚು ಉಳಿಯುತ್ತದೆ, ಹಾಗಾಗಿ ಕೌಂಟರ್ ಕೆಲಸವೇ ಮೇಲು ಎಂದು ಅಬ್ಬಾ ಹೇಳಿದರು. ಮಾತು ಸರಿಯಾಗಿಯೇ ಕಂಡಿತು. ಆದರೆ ವಿಚಾರಿಸಿದಾಗ ತಿಳಿದದ್ದು: ತಂದೆ ತಾಯಿ ಆ ಕಾರ್ಡಿನಲ್ಲಿ ಸೇರಬೇಕಾದರೆ ಅವರು ಅವಲಂಬಿತರಾಗಿರಬೇಕು, ಅವರ ಆದಾಯ ಗೊತ್ತುಪಡಿಸಿದ ಮಿತಿಯೊಳಗೆ ಇರಬೇಕು. ಅಬ್ಬಾ ದುಡಿಯುತ್ತಿರುವುದರಿಂದ ನಮಗೆ ಅದು ಅನ್ವಯವಾಗಲಿಲ್ಲ. ತಂದೆ ಇಲ್ಲದ, ಅಥವಾ ತಂದೆ ದುಡಿಯಲಾಗದ ಮನೆಯಲ್ಲಿ ಇದೇ ಲೆಕ್ಕ ತಿರುವುಮುರುವು ಆಗಬಹುದು. ಸೇರುವ ಮೊದಲೇ ಕೇಳಿ.

ಇದೇ ವಿಷಯದಲ್ಲಿ ಗಾರ್ಮೆಂಟ್ಸ್, ಮಿಲ್ಲು, ಕಾರ್ಖಾನೆಗಳಲ್ಲಿ ತಂದೆ ಅಥವಾ ತಾಯಿ ದುಡಿಯುವವರು ಗಮನಿಸಬೇಕಾದ ಸಂಗತಿ ಒಂದಿದೆ. ಬೆಂಗಳೂರಿನ ರಾಜಾಜಿನಗರ ಮತ್ತು ಕಲಬುರಗಿಯಲ್ಲಿ ಇಎಸ್‌ಐ ನಿಗಮದ ಮೆಡಿಕಲ್ ಕಾಲೇಜುಗಳಿವೆ. ನಿಗಮದ ಕಾಲೇಜುಗಳಲ್ಲಿ ವಿಮಾದಾರ ಕಾರ್ಮಿಕರ ಮಕ್ಕಳಿಗೆಂದೇ ಕೆಲವು ಎಂಬಿಬಿಎಸ್ ಸೀಟುಗಳಿವೆ. ನೀಟ್ ಬರೆಯಲೇಬೇಕು, ಜೊತೆಗೆ ನಿಗಮದಿಂದ ಪ್ರಮಾಣಪತ್ರ ಪಡೆಯಬೇಕು. ನಿಮ್ಮ ಮನೆಯಲ್ಲಿ ಇಎಸ್‌ಐ ಕಾರ್ಡ್ ಇದ್ದರೆ ಈಗಲೇ ವಿಚಾರಿಸಿ.

ರಾತ್ರಿ ಡ್ಯೂಟಿಯ ಮಾತು

"ರಾತ್ರಿ ರೋಗಿಗಳು ಮಲಗಿರುತ್ತಾರೆ, ಕೂತು ಓದಬಹುದು" ಎಂದು ಹೇಳುವವರು ಸಿಗುತ್ತಾರೆ. ವಾರ್ಡ್‌ನಲ್ಲಿ ಇದ್ದವರನ್ನು ಕೇಳಿದರೆ ಬೇರೆ ಉತ್ತರ ಬರುತ್ತದೆ. ಒಬ್ಬರಿಗೆ ನೀರು, ಇನ್ನೊಬ್ಬರಿಗೆ ಬೆಡ್‌ಪ್ಯಾನ್, ಮಧ್ಯರಾತ್ರಿ ಹೊಸ ಅಡ್ಮಿಷನ್. ಓದಿದರೂ ಹತ್ತು ನಿಮಿಷಕ್ಕೊಮ್ಮೆ ಏಳಬೇಕು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ನೀಟ್ ನಡೆಯುವುದು ಮಧ್ಯಾಹ್ನ 2ರಿಂದ 5. ತಿಂಗಳುಗಟ್ಟಲೆ ರಾತ್ರಿ ಡ್ಯೂಟಿ ಮಾಡಿದವರ ದೇಹಕ್ಕೆ ಅದು ಗಾಢ ನಿದ್ದೆಯ ಹೊತ್ತು. ಪರೀಕ್ಷೆಯ ಹೊತ್ತಿನಲ್ಲಿ ಎಚ್ಚರವಾಗಿ ಯೋಚಿಸುವುದನ್ನು ದೇಹಕ್ಕೆ ಅಭ್ಯಾಸ ಮಾಡಿಸಬೇಕಾದವರು ರಾತ್ರಿ ಡ್ಯೂಟಿಯನ್ನು ಜನವರಿಯೊಳಗಾದರೂ ಬಿಡುವುದು ಒಳ್ಳೆಯದು.

ಜೊತೆಗೆ ಈ ವರ್ಷಗಳಲ್ಲಿ ರಂಜಾನ್ ಫೆಬ್ರವರಿ, ಮಾರ್ಚ್‌ನಲ್ಲಿ ಬರುತ್ತಿದೆ. ರಿವಿಜನ್ ಜೋರಾಗಿ ನಡೆಯಬೇಕಾದ ಹೊತ್ತೂ ಅದೇ. ಇಫ್ತಾರ್‌ಗೆ ಹದಿನೈದು ನಿಮಿಷ ಬಿಡುವು ಕೊಡುತ್ತಾರೆಯೇ ಎಂದು ಸೇರುವಾಗಲೇ ಕೇಳಿದರೆ ಯಾರಿಗೂ ಮುಜುಗರ ಇರುವುದಿಲ್ಲ.

"ಡಾಕ್ಟರ್ ಆಗೋಳು ಬೆಡ್‌ಪ್ಯಾನ್ ತೆಗೀತಾಳಾ?"

ಇದು ನಮ್ಮ ಖಾಲಾ ಕೇಳಿದ ಪ್ರಶ್ನೆ. ಬಹಳ ಮನೆಗಳಲ್ಲಿ ಈ ಪ್ರಶ್ನೆ ಬರುತ್ತದೆ. ಕೌಂಟರ್‌ನಲ್ಲಿ ಕೂತರೆ ಮರ್ಯಾದೆ, ವಾರ್ಡ್‌ನಲ್ಲಿ ನಿಂತರೆ ಕೀಳು ಎಂಬ ಭಾವನೆ. ಆಪಾ ವಾರ್ಡ್ ಕೆಲಸ ಬೇಡ ಎಂದದ್ದು ಗಂಟೆಗಳ ಕಾರಣಕ್ಕೆ, ಬೆಡ್‌ಪ್ಯಾನ್ ಕಾರಣಕ್ಕಲ್ಲ. ಇದನ್ನು ಅವಳು ಖಾಲಾಗೂ ಹೇಳಿದಳು. ದಾದಿ ಕೊನೆಯ ಎರಡು ತಿಂಗಳು ಹಾಸಿಗೆ ಹಿಡಿದಾಗ ಮನೆಯಲ್ಲಿ ಅಮ್ಮಿ ಮಾಡಿದ್ದೂ ಅದೇ ಕೆಲಸ. ಅದನ್ನು ಯಾರೂ ಕೀಳು ಎನ್ನಲಿಲ್ಲ.

ನರ್ಸಿಂಗ್ ಅಥವಾ ಡಾಕ್ಟರಿಕೆ ಓದಬೇಕೆಂದು ಮನಸ್ಸು ಅಲ್ಲಾಡುತ್ತಿರುವವರು, ಒಂದು ವರ್ಷ ಅಲ್ಲದಿದ್ದರೂ ಒಂದು ರಜೆಯಲ್ಲಿ, ಅನುಮತಿ ಪಡೆದು ವಾರ್ಡ್ ನೋಡುವುದು ಒಳ್ಳೆಯದು. ನಾಲ್ಕು ವರ್ಷದ ಕೋರ್ಸಿಗೆ ಸೇರಿ ಎರಡನೆಯ ವರ್ಷ "ನನಗೆ ಇದು ಆಗುವುದಿಲ್ಲ" ಎನ್ನುವುದಕ್ಕಿಂತ ಅದು ಎಷ್ಟೋ ಮೇಲು.

ನಮ್ಮ ಸುರಕ್ಷತೆ

ಆಸ್ಪತ್ರೆ ಎಂದರೆ ಸೋಂಕು ಇರುವ ಜಾಗ. ಯಾವ ಕೆಲಸಕ್ಕೆ ಸೇರಿದರೂ ಈ ಕೆಳಗಿನವು ಗೊತ್ತಿರಲಿ.

ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್: ಮೊದಲನೆಯದು, ಒಂದು ತಿಂಗಳ ನಂತರ ಇನ್ನೊಂದು, ಆರನೆಯ ತಿಂಗಳಿಗೆ ಕೊನೆಯದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಆ ತ್ಯಾಜ್ಯ ಮುಟ್ಟುವ ಸಿಬ್ಬಂದಿಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸುವುದು ಆಸ್ಪತ್ರೆಯ ಜವಾಬ್ದಾರಿ.

ಕಸದ ಬಣ್ಣಗಳನ್ನು ಮೊದಲ ದಿನವೇ ಕಲಿಯಿರಿ. ಹಳದಿ: ರಕ್ತ ಹತ್ತಿದ ಹತ್ತಿ, ಬ್ಯಾಂಡೇಜು. ಕೆಂಪು: ಡ್ರಿಪ್ ಕೊಳವೆ, ಗ್ಲೌಸು. ಬಿಳಿ, ಚುಚ್ಚಿದರೂ ತೂತಾಗದ ಡಬ್ಬಿ: ಸೂಜಿ, ಬ್ಲೇಡು. ನೀಲಿ: ಗಾಜಿನ ಬಾಟಲಿ, ಆಂಪೂಲ್.

ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋಗಬೇಡಿ. ಸೂಜಿ ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆಯಿರಿ, ಗಾಯ ಹಿಂಡಬೇಡಿ, ತಕ್ಷಣ ಹೇಳಿ. ಎಚ್‌ಐವಿ ತಡೆಯುವ ಔಷಧ ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಶುರುವಾಗಬೇಕು. ಬೈಯುತ್ತಾರೆಂದು ಮುಚ್ಚಿಡುವ ವಿಷಯ ಇದಲ್ಲ.

ತರಬೇತಿ ಇಲ್ಲದ ಸಹಾಯಕರಿಗೆ ಇಂಜೆಕ್ಷನ್ ಕೊಡು, ಡ್ರಿಪ್ ಬದಲಿಸು ಎಂದು ಯಾರೇ ಹೇಳಿದರೂ ಒಪ್ಪಬೇಡಿ. "ನನಗೆ ತರಬೇತಿ ಇಲ್ಲ, ಸಿಸ್ಟರ್ ಅವರನ್ನು ಕರೆಯುತ್ತೇನೆ" ಎಂದರೆ ಸಾಕು. ರೋಗಿಗೆ ಏನಾದರೂ ಆದರೆ ಆಮೇಲೆ ಯಾರೂ ನಮ್ಮ ಪರ ನಿಲ್ಲುವುದಿಲ್ಲ.

ಕೊನೆಯದು, ಬಾಯಿ. ನಮ್ಮ ಮೊಹಲ್ಲಾಗಳಲ್ಲಿ ಎಲ್ಲರಿಗೂ ಎಲ್ಲರೂ ಪರಿಚಯ. ಯಾರಿಗೆ ಟಿಬಿ, ಯಾರ ಮನೆಯ ಸೊಸೆ ಯಾವ ಪರೀಕ್ಷೆಗೆ ಬಂದಿದ್ದಳು ಎಂಬುದು ನಮ್ಮ ಕಣ್ಣಿಗೆ ಬೀಳುತ್ತದೆ. ಅದು ನಮ್ಮ ಬಳಿ ಇಟ್ಟ ಅಮಾನತ್. ಮನೆಯಲ್ಲಿ ಅಮ್ಮಿ ಕೇಳಿದರೂ ಆಪಾ ಹೇಳುವುದಿಲ್ಲ.

ಸೇರುವ ಮೊದಲು ಕೇಳಬೇಕಾದವು

ಒಂದು ಏಜೆನ್ಸಿಯವರು ಆಪಾಗೆ ಮೂಲ ಅಂಕಪಟ್ಟಿ ಮತ್ತು 5,000 ರೂಪಾಯಿ ಡಿಪಾಸಿಟ್ ಕೊಟ್ಟರೆ ಮಾತ್ರ ಕೆಲಸ ಎಂದರು. ಮೂಲ ಅಂಕಪಟ್ಟಿ ಕೌನ್ಸೆಲಿಂಗ್ ದಾಖಲೆ ಪರಿಶೀಲನೆಗೆ ಬೇಕು. ಅದು ಇನ್ನೊಬ್ಬರ ಬೀರುವಿನಲ್ಲಿ ಇದ್ದರೆ ಸಿಕ್ಕ ಸೀಟೂ ಕೈ ತಪ್ಪಬಹುದು. ಜೆರಾಕ್ಸ್ ಮಾತ್ರ ಕೊಡಿ. ಕೆಲಸ ಕೊಡಲು ಹಣ ಕೇಳುವವರ ಹತ್ತಿರ ಹೋಗಲೇಬೇಡಿ.

ಖಾಸಗಿ ಆಸ್ಪತ್ರೆ, ಕ್ಲಿನಿಕ್, ಲ್ಯಾಬ್‌ಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಿರಬೇಕು. ಆ ಪ್ರಮಾಣಪತ್ರ ಗೋಡೆಯ ಮೇಲೆ ಇದೆಯೇ ನೋಡಿ. ಆಮೇಲೆ ಇಷ್ಟು ಕೇಳಿ: ವಾರದ ರಜೆ ಯಾವತ್ತು? ಡ್ಯೂಟಿ ಮುಗಿದ ಮೇಲೂ ನಿಲ್ಲಿಸಿಕೊಂಡರೆ ಹಣ ಕೊಡುತ್ತಾರೆಯೇ? ಕೆಲಸ ಬಿಡಲು ಎಷ್ಟು ದಿನ ಮೊದಲು ಹೇಳಬೇಕು? ಏಪ್ರಿಲ್, ಮೇನಲ್ಲಿ ಸಿಇಟಿ, ನೀಟ್‌ಗೆ ರಜೆ ಸಿಗುತ್ತದೆಯೇ? ಒಪ್ಪಿದ್ದನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ.

"ಕೆಲಸ ಮಾಡುತ್ತಲೇ ಆರು ತಿಂಗಳಲ್ಲಿ ನರ್ಸಿಂಗ್ ಸರ್ಟಿಫಿಕೇಟ್" ಎಂಬ ಬೋರ್ಡುಗಳೂ ಊರಿನಲ್ಲಿವೆ. ಎಎನ್‌ಎಂ ಎರಡು ವರ್ಷ, ಜಿಎನ್‌ಎಂ ಮೂರು ವರ್ಷ, ಬಿ.ಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಇದಕ್ಕಿಂತ ಚಿಕ್ಕ ದಾರಿಯಲ್ಲಿ ಯಾರೂ ನರ್ಸ್ ಆಗುವುದಿಲ್ಲ. ಲ್ಯಾಬ್, ಎಕ್ಸ್‌ರೇ, ಆಪರೇಷನ್ ಥಿಯೇಟರ್ ಡಿಪ್ಲೊಮಾಗಳಿಗೆ ಕರ್ನಾಟಕದಲ್ಲಿ ಪ್ಯಾರಾಮೆಡಿಕಲ್ ಮಂಡಳಿ ಇದೆ. ಡಿಗ್ರಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ. ಸಂಸ್ಥೆಯ ಹೆಸರು ಆ ಪಟ್ಟಿಗಳಲ್ಲಿ ಇದೆಯೇ ನೋಡಿದ ಮೇಲೆ ಫೀಸು ಕಟ್ಟಿ.

ಎಷ್ಟು ವರ್ಷ?

ನೀಟ್ ಬರೆಯಲು ಈಗ ಮೇಲಿನ ವಯಸ್ಸಿನ ಮಿತಿ ಇಲ್ಲ, ಎಷ್ಟು ಸಲ ಬೇಕಾದರೂ ಬರೆಯಬಹುದು. ಅದು ಅನುಕೂಲವೂ ಹೌದು, ಅಪಾಯವೂ ಹೌದು. ಗಡುವನ್ನು ಬೇರೆ ಯಾರೂ ಹಾಕುವುದಿಲ್ಲವಾದ್ದರಿಂದ ನಾವೇ ಹಾಕಿಕೊಳ್ಳಬೇಕು. ಆಪಾ ಒಂದು ಸಾಲು ಬರೆದು ಕಪಾಟಿನ ಒಳಗೆ ಅಂಟಿಸಿದ್ದಾಳೆ: ಈ ವರ್ಷ ನೀಟ್ ಜೊತೆಗೆ ಸಿಇಟಿಯನ್ನೂ ಬರೆಯುವುದು; ಎಂಬಿಬಿಎಸ್ ಸಿಗದಿದ್ದರೆ ಬಿ.ಎಸ್ಸಿ ನರ್ಸಿಂಗ್‌ಗೆ ಸೇರುವುದು, ಮೂರನೆಯ ವರ್ಷ ಕಾಯುವುದಿಲ್ಲ. ಸೀಟು ಸಿಕ್ಕ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಯೋಜನೆ ಇದೆ. ಅದಕ್ಕೆ ಬೇಕಾದ ಆದಾಯ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟಿದ್ದೇವೆ.

ಆಪಾ ಆರಿಸಿಕೊಂಡದ್ದು ಕ್ಲಿನಿಕ್. ಆಗಸ್ಟ್‌ನಿಂದ ಹೋಗುತ್ತಿದ್ದಾಳೆ. ಬೆಳಿಗ್ಗೆ ಫಜರ್ ನಂತರ ಕೂತರೆ ಮಧ್ಯಾಹ್ನದವರೆಗೆ ಓದು, ಸಂಜೆ ಕೆಲಸ. ರಾತ್ರಿ ಅಬ್ಬಾ ಹೋಗಿ ಕರೆತರುತ್ತಾರೆ. 7,000ದಲ್ಲಿ 4,000 ಅಮ್ಮಿ ಕೈಗೆ, ಉಳಿದದ್ದು ಅಂಚೆ ಕಚೇರಿ ಖಾತೆಗೆ. ಕೋಚಿಂಗ್‌ಗೆ ಸೇರಿಲ್ಲ. ಹಳೆಯ ಪುಸ್ತಕ, ಟೆಸ್ಟ್ ಸೀರೀಸ್, ನಮ್ಮ ಕಾಲೇಜಿನ ಬಯಾಲಜಿ ಮೇಡಂ ವಾರಕ್ಕೊಮ್ಮೆ ಬಿಡಿಸಿಕೊಡುವ ಸಂದೇಹಗಳು, ಇಷ್ಟೇ ಅವಳ ತಯಾರಿ. ಮೇ ತಿಂಗಳ ಪರೀಕ್ಷೆ ಇನ್ನೂ ಮುಂದಿದೆ. ಫಲಿತಾಂಶ ಏನಾಗುತ್ತದೋ ನನಗೆ ಗೊತ್ತಿಲ್ಲ, ದುವಾ ಮಾಡುತ್ತಿದ್ದೇವೆ.

ನಿಮ್ಮ ಮನೆಯ ಸಂಖ್ಯೆಗಳು ಬೇರೆ ಇರುತ್ತವೆ. ಒಂದು ಹಾಳೆ ತೆಗೆದುಕೊಂಡು ಮೂರು ಗೆರೆ ಎಳೆಯಿರಿ: ಕೈಗೆ ಬರುವ ಹಣ, ಮನೆಯಿಂದ ಹೊರಗಿರುವ ಗಂಟೆ, ಮೇ ತಿಂಗಳವರೆಗೆ ಉಳಿಯುವ ಓದಿನ ಗಂಟೆ. ಲೆಕ್ಕ ಹಾಕಲು ಬರದಿದ್ದರೆ ಕಾಮರ್ಸ್ ವಿಭಾಗದ ಯಾರನ್ನಾದರೂ ಕೇಳಿ. ಫೀಸು ತೆಗೆದುಕೊಳ್ಳುವುದಿಲ್ಲ.